ಬಿಟ್ಟ ಚಟವನ್ನು ವಿಮಾ ಅರ್ಜಿಯಲ್ಲಿ ಬರೆಯುವುದು ಹೇಗೆ?

ಜೀವವಿಮೆಯ ಅರ್ಜಿಯಲ್ಲಿ ಮದ್ಯ, ತಂಬಾಕು ಮತ್ತು ಮಾದಕ ವಸ್ತುಗಳ ಬಗ್ಗೆ ಕೇಳುವ ಪ್ರಶ್ನೆ ಬಂದೊಡನೆ, ಚಟ ಬಿಟ್ಟು ವರ್ಷಗಳಾದವರು ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಹಳೆಯದನ್ನು ಕೆದಕಲು ಮನಸ್ಸಾಗದಿರುವುದು ಸಹಜವೇ ಆದರೂ, ಆ ಗುರುತಿನ ಫಲವನ್ನು ಉಣ್ಣಬೇಕಾದವರು ಮನೆಯವರು. ಪಾಲಿಸಿಯ ಆರಂಭದ ವರ್ಷಗಳಲ್ಲಿ (ಹಲವು ದೇಶಗಳಲ್ಲಿ ಮೊದಲ 2 ಅಥವಾ 3 ವರ್ಷ) ಸಾವು ಸಂಭವಿಸಿದರೆ ಕಂಪನಿಯು ಹಳೆಯ ಆಸ್ಪತ್ರೆ ದಾಖಲೆಗಳನ್ನು ತರಿಸಿ ನೋಡಬಹುದು; ಮುಚ್ಚಿಟ್ಟ ಸಂಗತಿ ಸಿಕ್ಕರೆ, ಸಾವಿಗೆ ಕಾರಣ ಬೇರೆಯೇ ಆಗಿದ್ದರೂ ಕ್ಲೇಮ್ ತಿರಸ್ಕೃತವಾಗುವ ಅಪಾಯವಿದೆ.

ಮೊದಲು ಚಿಕಿತ್ಸೆಯ ಕಾಗದಗಳನ್ನು, ಮುಖ್ಯವಾಗಿ ಡಿಸ್ಚಾರ್ಜ್ ಸಮ್ಮರಿಯನ್ನು, ತರಿಸಿಕೊಳ್ಳಿ.

ಅನಂತರ ಪ್ರಶ್ನೆಯನ್ನು ನಿಧಾನವಾಗಿ ಓದಿ. ‘ಕಳೆದ 5 ವರ್ಷಗಳಲ್ಲಿ’ ಎಂಬುದಕ್ಕೂ ‘ಎಂದಾದರೂ’ ಎಂಬುದಕ್ಕೂ ಉತ್ತರ ಒಂದೇ ಆಗಿರಬೇಕಿಲ್ಲ. ವೈದ್ಯರು ಕುಡಿತ ಕಡಿಮೆ ಮಾಡಲು ಸಲಹೆ ನೀಡಿದ್ದರೇ ಎಂಬ ಪ್ರಶ್ನೆ ಪ್ರತ್ಯೇಕವಾಗಿರಬಹುದು. ಬಾಯಿಮಾತಿನಲ್ಲಿ ಹೇಳಿದ್ದರೂ ಅದು ಸಲಹೆಯೇ.

ಹೆಚ್ಚಿನವರು ಎಡವುವುದು ವಿವರ ಬರೆಯುವ ಹಂತದಲ್ಲಿ. ‘ಹಿಂದೆ ಅಪರೂಪಕ್ಕೆ ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ’ ಎಂಬ ಸಾಲಿನಿಂದ ಅರ್ಜಿ ಪರಿಶೀಲಿಸುವ ಅಂಡರ್‌ರೈಟರ್‌ಗೆ ಏನೂ ತಿಳಿಯುವುದಿಲ್ಲ. ಅಪರೂಪವೆಂದರೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಬಿಟ್ಟದ್ದು ಕಳೆದ ತಿಂಗಳೋ ಹತ್ತು ವರ್ಷಗಳ ಹಿಂದೆಯೋ ಗೊತ್ತಾಗದಿದ್ದಾಗ ಅವರು ಕೆಟ್ಟದ್ದನ್ನೇ ಊಹಿಸುತ್ತಾರೆ. ಆದ್ದರಿಂದ ಯಾವ ವಸ್ತು, ಯಾವಾಗಿನಿಂದ ಯಾವಾಗಿನವರೆಗೆ, ಎಷ್ಟು ಸಲ, ಎಷ್ಟು ಪ್ರಮಾಣ, ಕೊನೆಯ ಬಾರಿ ಯಾವಾಗ, ಚಿಕಿತ್ಸೆ ಏನು, ಈಗಿನ ಆರೋಗ್ಯ ಹೇಗೆ ಎಂಬುದೆಲ್ಲ ಉತ್ತರದಲ್ಲಿ ಇರಲಿ. ಮಾದರಿಗೆ ಹೀಗೆ ಬರೆಯಬಹುದು: ‘2012ರಿಂದ 2018ರವರೆಗೆ ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಸುಮಾರು 180 ಮಿ.ಲೀ. ವಿಸ್ಕಿ. 2018ರ ಆಗಸ್ಟ್‌ನಲ್ಲಿ ಒಳರೋಗಿಯಾಗಿ ವ್ಯಸನಮುಕ್ತಿ ಚಿಕಿತ್ಸೆ. 2019ರ ಮಾರ್ಚ್‌ನಲ್ಲಿ ಎರಡು ವಾರ ಮತ್ತೆ ಕುಡಿದಿದ್ದೆ. ಆ ಬಳಿಕ ಸೇವಿಸಿಲ್ಲ. ಇತ್ತೀಚಿನ ಲಿವರ್ ಪರೀಕ್ಷೆ ಸಹಜ.’

ಇದರಲ್ಲಿ ಜನ ಮೊದಲು ಅಳಿಸುವುದು ಆ ಎರಡು ವಾರಗಳ ಸಾಲನ್ನು. ದಯವಿಟ್ಟು ಅಳಿಸಬೇಡಿ. ಚಟದಿಂದ ದೂರವಿದ್ದ ಅವಧಿಯನ್ನು ಚಿಕಿತ್ಸೆ ಮುಗಿದ ದಿನದಿಂದಲ್ಲ, ಕೊನೆಯ ಸೇವನೆಯಿಂದ ಎಣಿಸಲಾಗುತ್ತದೆ, ಮತ್ತು ಮರುಕಳಿಸಿದ ವಿಷಯ ವೈದ್ಯರ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ದಿನಾಂಕ ಖಚಿತವಿಲ್ಲದಿದ್ದರೆ ‘ಸುಮಾರು’ ಎಂದು ಬರೆಯಿರಿ. ಪಶ್ಚಾತ್ತಾಪದ ಮಾತುಗಳೂ ಕ್ಷಮೆಯಾಚನೆಯೂ ಬೇಡ; ಜಾಗ ಸಾಲದಿದ್ದರೆ ಪ್ರತ್ಯೇಕ ಹಾಳೆಯಲ್ಲಿ ಬರೆದು ಸಹಿ ಹಾಕಿ ಲಗತ್ತಿಸಿ.

ಏಜೆಂಟರಿಗೆ ಬಾಯಲ್ಲಿ ಹೇಳಿದ್ದೇನೆ ಎಂದು ಸುಮ್ಮನಿರಬೇಡಿ, ಏಕೆಂದರೆ ಕೊನೆಗೆ ಉಳಿಯುವ ಸಾಕ್ಷಿ ಅರ್ಜಿಯಲ್ಲಿ ಬರೆದದ್ದು ಮಾತ್ರ. ಖಾಲಿ ಫಾರ್ಮಿಗೆ ಸಹಿ ಹಾಕಲೇಬೇಡಿ. ‘ಇದನ್ನೆಲ್ಲ ಬರೆಯಬೇಕಿಲ್ಲ’ ಎನ್ನುವ ಏಜೆಂಟರನ್ನು ಆ ಕ್ಷಣವೇ ಬದಲಿಸುವುದು ಒಳ್ಳೆಯದು.

ವೈದ್ಯಕೀಯ ಪರೀಕ್ಷೆಗೆ ಮುನ್ನ ‘ದೇಹ ಶುದ್ಧಿ’ಯ ಹೆಸರಿನಲ್ಲಿ ಮಾರುವ ಪಾನೀಯಗಳಿಗೆ ಹಣ ಸುರಿಯಬೇಡಿ. ನೀರು ಹೆಚ್ಚಾದ ಮೂತ್ರದ ಮಾದರಿಯನ್ನು ಕ್ರಿಯೇಟಿನಿನ್ (ಮೂತ್ರದಲ್ಲಿ ಸಹಜವಾಗಿ ಇರುವ ತ್ಯಾಜ್ಯ) ಪ್ರಮಾಣ ನೋಡಿಯೇ ಗುರುತಿಸುತ್ತಾರೆ. ತಂಬಾಕು ಬಿಡಲು ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಳಸುತ್ತಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಅವುಗಳಿಂದಲೂ ಕೋಟಿನಿನ್ (ದೇಹದಲ್ಲಿ ನಿಕೋಟಿನ್‌ನಿಂದ ಉಂಟಾಗುವ ವಸ್ತು) ಪರೀಕ್ಷೆ ಪಾಸಿಟಿವ್ ಬರುತ್ತದೆ.

ಕಂಪನಿ ಪ್ರೀಮಿಯಂ ಹೆಚ್ಚಿಸಬಹುದು, ಅರ್ಜಿಯನ್ನು ಮುಂದೂಡಬಹುದು, ನಿರಾಕರಿಸಲೂಬಹುದು. ನಿರಾಕರಣೆಯಾದರೆ ಮುಂದಿನ ಅರ್ಜಿಗಳಲ್ಲಿ ಅದನ್ನೂ ಹೇಳಬೇಕಾಗುವುದರಿಂದ, ನಿಮ್ಮ ಹೆಸರು ತಿಳಿಸದೆ ಕಂಪನಿಗಳಲ್ಲಿ ಮೊದಲೇ ವಿಚಾರಿಸಿಕೊಡುವ ಬ್ರೋಕರ್ ಸಿಕ್ಕರೆ ಆ ದಾರಿಯೇ ಉತ್ತಮ. ಆರೋಗ್ಯದ ಪ್ರಶ್ನೆಗಳನ್ನೇ ಕೇಳದ ಪಾಲಿಸಿಗಳು ಸುಲಭವೆನಿಸಿದರೂ ಅವುಗಳ ಪ್ರೀಮಿಯಂ ದುಬಾರಿ, ವಿಮಾ ಮೊತ್ತ ಚಿಕ್ಕದು. ಮೊದಲ ಕೆಲವು ವರ್ಷಗಳಲ್ಲಿ ಕಾಯಿಲೆಯಿಂದ ಸಾವು ಬಂದರೆ ಪೂರ್ಣ ಮೊತ್ತ ಕೊಡದ ಷರತ್ತೂ ಹಲವುಗಳಲ್ಲಿರುತ್ತದೆ. ಬೇರೆಲ್ಲ ಬಾಗಿಲು ಮುಚ್ಚಿದ ಮೇಲಷ್ಟೇ ಅವುಗಳತ್ತ ನೋಡಿ.

ಪಾಲಿಸಿ ಕೈಸೇರಿದ ದಿನವೇ ಅದರೊಂದಿಗೆ ಬಂದ ಅರ್ಜಿಯ ಪ್ರತಿಯನ್ನು, ಸಲ್ಲಿಸುವಾಗ ನೀವು ಇಟ್ಟುಕೊಂಡ ಪ್ರತಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ. ಉತ್ತರವೊಂದು ಬದಲಾಗಿದ್ದರೆ ಅಥವಾ ಬಿಟ್ಟುಹೋಗಿದ್ದರೆ ಕಂಪನಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪತ್ರವನ್ನು ಪಾಲಿಸಿಯ ಜೊತೆಯಲ್ಲೇ ಇಟ್ಟು, ಅದು ಎಲ್ಲಿದೆ ಎಂದು ನಾಮಿನಿಗೆ ಹೇಳಿ.