ಫಾಕ್ಸ್‌ಪ್ರೋದಿಂದ ಪೋಸ್ಟ್‌ಗ್ರೆಸ್‌ಗೆ: ಒಂದು ಪತ್ತಿನ ಸಂಘದ ಲೆಕ್ಕ ತಾಳೆಯಾದ ಬಗೆ

ಸಂಘದ ಲೆಕ್ಕವನ್ನು ಹಳೆ ಡೇಟಾಬೇಸ್ ಫಾಕ್ಸ್‌ಪ್ರೋದಿಂದ ಹೊಸದಾದ ಪೋಸ್ಟ್‌ಗ್ರೆಸ್‌ಗೆ ಸಾಗಿಸುವಾಗ ಮೊದಲು ಡೇಟಾ, ಆಮೇಲೆ ಸ್ಕ್ರೀನು, ತಾಳೆಯಾದಷ್ಟಕ್ಕೇ ಬಿಲ್ಲು: ಈ ಕ್ರಮ ನಡೆಯುವುದಿಲ್ಲ ಅಂದವರು ಬಹಳ ಮಂದಿ. ಮಾರ್ಚ್ 31ರ ಆಖೈರು ಶಿಲ್ಕು (ಕೊನೆಗೆ ಉಳಿದ ಮೊತ್ತ) ಹಳೆಯದರಲ್ಲೂ ಹೊಸದರಲ್ಲೂ ಪೈಸೆ ಬಿಡದೆ ಕೂಡಿಬಂತು, ಆಡಿಟ್ ಮುಗಿಯಿತು, ನನ್ನ ಕೊನೆಯ ಬಿಲ್ಲೂ ಪಾಸಾಯಿತು. ಈಗ ಬರೆಯಲು ಅಡ್ಡಿಯಿಲ್ಲ.

ಘಟ್ಟದ ಮೇಲಿನ ಒಂದು ಪತ್ತಿನ ಸೌಹಾರ್ದ, ಅಂದರೆ ಸೌಹಾರ್ದ ಕಾಯ್ದೆಯಡಿಯ ಸಹಕಾರಿ. ಅಡಿಕೆ ಬೆಳೆಗಾರರೇ ಹೆಚ್ಚು. ಮೂರು ಶಾಖೆ, ಹನ್ನೆರಡು ಸಾವಿರದ ಆಸುಪಾಸು ಸದಸ್ಯರು, ವ್ಯವಹಾರದ ಸಾಲುಗಳು ಮೂವತ್ತು ನಲವತ್ತು ಲಕ್ಷ ಇರಬಹುದು. ಇಷ್ಟೂ ಇದ್ದದ್ದು ವಿಷುವಲ್ ಫಾಕ್ಸ್‌ಪ್ರೋದ ಡಿಬಿಎಫ್ ಫೈಲುಗಳಲ್ಲಿ. ಮೈಕ್ರೋಸಾಫ್ಟ್ ಅದಕ್ಕೆ 2015ರಲ್ಲೇ ಬೆಂಬಲ ನಿಲ್ಲಿಸಿದೆ. ಪ್ರೋಗ್ರಾಂ ಬರೆದವರು ಊರು ಬಿಟ್ಟು ಎಷ್ಟೋ ವರ್ಷ. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ, ಅಂದರೆ ಪ್ಯಾಕ್ಸ್‌ಗಳ ಗಣಕೀಕರಣಕ್ಕೆ 2,516 ಕೋಟಿ ಒಪ್ಪಿತಲ್ಲ, ಸೌಹಾರ್ದಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಖರ್ಚಾಗುವ ಒಂದೊಂದು ರೂಪಾಯಿಯೂ ಸದಸ್ಯರದ್ದೇ.

ನನಗಿಂತ ಮೊದಲು ಒಬ್ಬರು ಈ ಕೆಲಸ ಹಿಡಿದು ಬಿಟ್ಟುಹೋಗಿದ್ದರು. ನಾಲ್ಕು ನಾಲ್ಕೂವರೆ ಲಕ್ಷ ಹೋಗಿತ್ತು. ಅವರ ಒಪ್ಪಂದ ಓದಿದಾಗಲೇ ರೋಗ ಎಲ್ಲಿದೆ ಅಂತ ಗೊತ್ತಾಯಿತು: ಇಷ್ಟು ಸ್ಕ್ರೀನ್ ತೋರಿಸಿದರೆ ಇಷ್ಟು ಹಣ. ಸ್ಕ್ರೀನುಗಳು ಚೆನ್ನಾಗಿಯೇ ಬಂದಿದ್ದವು. ಹಳೆ ಡೇಟಾ ತರುವ ಕೆಲಸವನ್ನು ಮಾತ್ರ ಕಡೆಗೆ ಇಟ್ಟುಕೊಂಡು, ಮಾರ್ಚ್ ಕೊನೆಯ ವಾರಗಳಲ್ಲಿ ಸುರಿದಿದ್ದಾರೆ. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಜಮಾ ಖರ್ಚಿನ ತಾಳೆಪಟ್ಟಿ, ಕೂಡಲಿಲ್ಲ. ಕೂಡದ ಮೊತ್ತವನ್ನು ಲೆಕ್ಕ ಸಿಗದ ಹಣ ಇಡುವ ಅನಾಮತ್ತು ಖಾತೆಗೆ ಹಾಕೋಣ ಅಂದರಂತೆ. ಆಡಳಿತ ಮಂಡಳಿ ಅಲ್ಲಿಗೇ ನಿಲ್ಲಿಸಿತು, ಸರಿಯಾಗಿಯೇ ಮಾಡಿತು.

ನಾನು ತಲೆಕೆಳಗು ಮಾಡಿದೆ. ಮೊದಲ ನಾಲ್ಕೈದು ತಿಂಗಳು ಒಂದೂ ಸ್ಕ್ರೀನ್ ಇಲ್ಲ, ಡೇಟಾ ಮಾತ್ರ. ಒಟ್ಟು ಒಂಬತ್ತು ಲಕ್ಷದ ಹತ್ತಿರ ಮಾತಾಯಿತು. ಐದನೇ ಒಂದು ಪಾಲು ಮುಂಗಡ. ಷೇರು, ಉಳಿತಾಯ, ಪಿಗ್ಮಿ, ಮುದ್ದತಿ ಠೇವಣಿ, ಬೆಳೆ ಸಾಲ, ಆಭರಣ ಸಾಲ, ಹೀಗೆ ಒಂದೊಂದು ಬಾಬೂ ಸತತ ಒಂದು ತಿಂಗಳು ತಾಳೆಯಾದರೆ ಆ ಬಾಬಿನ ಹಣ. ಉಳಿದದ್ದು ಆಡಿಟ್ ಆದ ಮೇಲೆ. ಅಧ್ಯಕ್ಷರು "ಭಟ್ರೇ, ಎರಡು ದೋಣಿ ಮೇಲೆ ಕಾಲಿಡ್ತೀರಿ" ಅಂದರು. ಈ ಕಸುಬಿನ ಗೆಳೆಯರಂತೂ, ಹೀಗೆ ಬಿಲ್ ಕಟ್ಟಿಕೊಂಡರೆ ಹುಡುಗರಿಗೆ ಸಂಬಳ ಕೊಡುವುದು ಯಾವಾಗ ಎಂದರು. ಮೊದಲ ಬಾಬಿನ ದುಡ್ಡು ಬರುವತನಕ ಒಂದೂವರೆ ಲಕ್ಷದಷ್ಟು ಕೈಯಿಂದ ಹಾಕಿದ್ದು ನಿಜ. ಇಷ್ಟು ತಾಳಿಕೊಳ್ಳಲು ಆಗದವರು ಈ ಕ್ರಮಕ್ಕೆ ಕೈ ಹಾಕಬೇಡಿ.

ಎರಡು ದೋಣಿ ಅಂದರೆ ಸಿಬ್ಬಂದಿ ಎರಡೆರಡು ಸಲ ಎಂಟ್ರಿ ಮಾಡಬೇಕೆಂದು ಎಲ್ಲರೂ ತಿಳಿದಿದ್ದರು. ಹಾಗಿರಲಿಲ್ಲ. ಅವರು ಹಳೆಯದರಲ್ಲೇ ಕೆಲಸ ಮಾಡಿದರು. ಸಂಜೆ ದಿನದ ಲೆಕ್ಕ ಮುಗಿದ ಮೇಲೆ ಡಿಬಿಎಫ್ ಫೈಲುಗಳ ನಕಲು ಒಂದು ಮಿನಿ ಪಿಸಿಗೆ ಹೋಗುತ್ತಿತ್ತು. ರಾತ್ರಿ ಹೊಸ ಡೇಟಾಬೇಸ್ ಪೂರ್ತಿ ಅಳಿಸಿ, ಮೊದಲ ಸಾಲಿನಿಂದ ಮತ್ತೆ ಕಟ್ಟುವುದು. ನಿನ್ನೆಯದಕ್ಕೆ ಇವತ್ತಿನದು ಸೇರಿಸುವ ಜಾಣತನ ಬೇಡವೇ ಬೇಡ. ನಿತ್ಯ ಅಳಿಸಿ ಕಟ್ಟಿದರೆ ಮಾತ್ರ ನಿಮ್ಮ ಸ್ಕ್ರಿಪ್ಟು ಗಟ್ಟಿಯಾಗುತ್ತದೆ. ಎಲ್ಲ ಕಾಲಂಗಳನ್ನೂ ಮೊದಲು ಬರೀ ಟೆಕ್ಸ್ಟ್ ಆಗಿ ಇಳಿಸಿಕೊಂಡು, ಆಮೇಲೆ ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್‌ನಲ್ಲಿ ತಿದ್ದುವುದು. ಬಡ್ಡಿಯನ್ನು ಹೊಸ ವ್ಯವಸ್ಥೆ ತಾನೇ ಲೆಕ್ಕ ಹಾಕಬೇಕು. ಬೆಳಿಗ್ಗೆ ಮ್ಯಾನೇಜರ್ ಟೇಬಲ್ ಮೇಲೆ ಒಂದೇ ಹಾಳೆ: ಬಾಬು, ಹಳೆ ಶಿಲ್ಕು, ಹೊಸ ಶಿಲ್ಕು, ವ್ಯತ್ಯಾಸ. ವ್ಯತ್ಯಾಸ ಇದ್ದರೆ ಕೆಂಪು.

ಮೊದಲ ತಿಂಗಳು ಹಾಳೆ ಪೂರ್ತಿ ಕೆಂಪು. "ಇವತ್ತೂ ಕೆಂಪೇ ಬಂತಲ್ರೀ ಭಟ್ರೇ" ಎಂದು ಫೋನು. ಬರಲಿ. ಕೆಂಪು ಜೂನ್‌ನಲ್ಲಿ ಕಂಡರೆ ತಿದ್ದಲು ಮಾರ್ಚ್‌ವರೆಗೂ ಸಮಯವಿದೆ.

ಮೊದಲ ದೊಡ್ಡ ವ್ಯತ್ಯಾಸ ಪಿಗ್ಮಿಯಲ್ಲಿ. ಹೊಸದರಲ್ಲಿ ಆರೇಳು ಲಕ್ಷ ಹೆಚ್ಚು. ಡಿಬಿಎಫ್‌ನಲ್ಲಿ ಸಾಲು ಅಳಿಸಿದರೆ ಅದು ಹೋಗುವುದಿಲ್ಲ, ಸಾಲಿನ ಮೊದಲ ಬೈಟಿನಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ ಅಷ್ಟೆ. ಪ್ಯಾಕ್ ಆಜ್ಞೆ ಕೊಟ್ಟು ಫೈಲು ಚೊಕ್ಕ ಮಾಡುವತನಕ ಅಲ್ಲೇ ಇರುತ್ತದೆ. ಇಲ್ಲಿ ಯಾರೂ ಪ್ಯಾಕ್ ಮಾಡಿಯೇ ಇರಲಿಲ್ಲ. ಮೊದಲು ಬಳಸಿದ ಪರಿವರ್ತಕ ಆ ನಕ್ಷತ್ರ ನೋಡದೆ ರದ್ದಾದ ಸಾಲುಗಳನ್ನೂ ತಂದಿತ್ತು. ಅದನ್ನು ಬಿಟ್ಟು ಬೈಟ್ ಬೈಟ್ ಓದುವ ಪೈಥಾನ್ ಸ್ಕ್ರಿಪ್ಟ್ ನಾವೇ ಬರೆದೆವು. ಅಳಿಸಿದ ಸಾಲುಗಳನ್ನು ಎಸೆಯಲಿಲ್ಲ, ಬೇರೆ ಟೇಬಲ್‌ನಲ್ಲಿ ಇಟ್ಟೆವು. ಆಡಿಟರ್ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಅದನ್ನೇ.

ದಿನಾಂಕಗಳದ್ದು ಇನ್ನೊಂದು. ಡಿಬಿಎಫ್ ವರ್ಷವನ್ನು ನಾಲ್ಕಂಕಿಯಲ್ಲೇ ಇಡುತ್ತದೆ, ಆದರೆ ಎಂಟ್ರಿ ಎರಡಂಕಿಯಲ್ಲಿ ಆಗುತ್ತಿತ್ತು. ಹಾಗಾಗಿ 1931ರಲ್ಲಿ ಹುಟ್ಟಿದ ಹಿರಿಯರು 2031ರಲ್ಲಿ ಹುಟ್ಟಲಿದ್ದರು, ಹಿರಿಯ ನಾಗರಿಕರ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿ ಅವರಿಗೆ ಸಿಕ್ಕೇ ಇರಲಿಲ್ಲ. ಅಂಥವರ ಪಟ್ಟಿ ಮಾಡಿ ಮಂಡಳಿಗೆ ಕೊಟ್ಟೆ.

ಬೆಳೆ ಸಾಲದ ಕೆಂಪು ಹೋಗಲು ಬಹಳ ದಿನ ಹಿಡಿಯಿತು. ಖಾತೆಗೆ ಒಂದೋ ಎರಡೋ ರೂಪಾಯಿ, ದೊಡ್ಡ ಸಾಲಕ್ಕೆ ಐವತ್ತು ಅರವತ್ತು. ಒಂದು ಖಾತೆ ಹಿಡಿದು ಕುಳಿತೆವು: ಎರಡು ಲಕ್ಷ ಸಾಲ, ಶೇಕಡಾ 11, 2020ರ ಜನವರಿಯಿಂದ ಮಾರ್ಚ್. ಹೊಸ ಪ್ರೋಗ್ರಾಂ 91 ದಿನ ಎಣಿಸಿತು, ಹಳೆಯದು 90. ಫೆಬ್ರವರಿ 29 ಹಳೆಯದಕ್ಕೆ ಗೊತ್ತೇ ಇಲ್ಲ. ಒಂದು ದಿನದ ಬಡ್ಡಿ ಅರವತ್ತು ರೂಪಾಯಿ ಚಿಲ್ಲರೆ. ಅದರ ಮೇಲೆ ತಿಂಗಳು ತಿಂಗಳು ರೂಪಾಯಿಗೆ ಪೂರ್ಣಗೊಳಿಸುವ ಅಭ್ಯಾಸ ಬೇರೆ. ನನ್ನ ಹುಡುಗರು ಸರಿಯಾದ ಲೆಕ್ಕವನ್ನೇ ಇಡೋಣ ಎಂದರು. ನಾನು ಒಪ್ಪಲಿಲ್ಲ. ಹಳೆಯದು ಹೇಗೆ ತಪ್ಪು ಮಾಡುತ್ತದೋ ಹೊಸದೂ ಹಾಗೇ ಮಾಡಬೇಕು, ತಾಳೆ ಮುಗಿಯುವತನಕ. ಸರಿ ಲೆಕ್ಕವನ್ನು ಏಪ್ರಿಲ್ 1ರಿಂದ, ಮಂಡಳಿಯ ಠರಾವಿನ ಮೇಲೆ ಹಚ್ಚಿದೆವು. ಸಾಗಾಟ ಮತ್ತು ಸುಧಾರಣೆ ಎರಡನ್ನೂ ಒಟ್ಟಿಗೆ ಮಾಡಿದರೆ ವ್ಯತ್ಯಾಸ ಯಾವುದರಿಂದ ಬಂತೆಂದು ಯಾವ ಜನ್ಮದಲ್ಲೂ ಹೇಳಲಾಗದು.

ಇನ್ನು ಹೆಸರುಗಳು. ಎಲ್ಲ ನುಡಿ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆ ಆಸ್ಕಿ ಫಾಂಟಿನವು. ಅರ್ಕಾವತ್ತಿನ ಪೀಡೆ ಎಲ್ಲರಿಗೂ ಗೊತ್ತಿದ್ದದ್ದೇ: ಅಲ್ಲಿ ಅದು ಅಕ್ಷರ ಆದ ಮೇಲೆ ಕೂರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕು. "ಮೂರ್ತಿ" ಸರಿಯಾಗುತ್ತದೆ, ಒತ್ತಕ್ಷರ ಸೇರಿದ "ಮರ್ತ್ಯ"ದಂಥದ್ದು ಬಂದರೆ ಪರಿವರ್ತಕಗಳು ಎಡವುತ್ತವೆ. ಅದಕ್ಕಿಂತ ಕಾಡಿದ್ದು ಇಪ್ಪತ್ತೈದು ಬೈಟಿನ ಕಾಲಂ. ನುಡಿಯಲ್ಲಿ ಒಂದು ಅಕ್ಷರ ಎರಡು ಮೂರು ಬೈಟ್ ತಿನ್ನುವುದರಿಂದ ಉದ್ದ ಹೆಸರುಗಳು ಅಕ್ಷರದ ನಡುವೆಯೇ ತುಂಡಾಗಿದ್ದವು. ಸಾವಿರಕ್ಕೂ ಮಿಕ್ಕಿ ಹೆಸರು ಸದಸ್ಯತ್ವದ ಅರ್ಜಿ ನೋಡಿ ಕೈಯಲ್ಲೇ ತುಂಬಿಸಿದ್ದು. ಕಾಲೇಜು ಹುಡುಗಿಯರಿಬ್ಬರು ಒಂದು ಹೆಸರಿಗೆ ಮೂರು ರೂಪಾಯಿಯಂತೆ ಮುಗಿಸಿಕೊಟ್ಟರು. ಇಡೀ ಯೋಜನೆಯಲ್ಲಿ ನಾನು ಕೊಟ್ಟ ಅತಿ ಸಾರ್ಥಕ ದುಡ್ಡು ಅದು.

ಊರಿನ ಪಟ್ಟಿಯಲ್ಲಿ "ಹೊಸೂರು" ಎರಡು ಸಲ. ಕಣ್ಣಿಗೆ ಒಂದೇ, ಡೇಟಾಬೇಸಿಗೆ ಬೇರೆ. ಒಂದರಲ್ಲಿ ಒಕಾರ ಒಂದೇ ಸಂಕೇತ, ಇನ್ನೊಂದರಲ್ಲಿ ಎಕಾರ ಮತ್ತು ಊಕಾರ ಸೇರಿಸಿ ಮಾಡಿದ್ದು. ಪೋಸ್ಟ್‌ಗ್ರೆಸ್ 13ರಿಂದ ಇಂಥವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಫಂಕ್ಷನ್ ಒಳಗೇ ಇದೆ. ಪ್ರತಿ ಕನ್ನಡ ಕಾಲಂಗೂ ಅದರ ಚೆಕ್ ಹಾಕಿಬಿಡಿ, ಆಮೇಲೆ ಅಂತ ಬಿಡಬೇಡಿ.

ಇದರ ನಡುವೆ ಹೆಸರು ಹುಡುಕುವ ಒಂದು ಪ್ರಯೋಗ ಮಾಡಿದೆ. ಮೂರು ಮೂರು ಅಕ್ಷರದ ತುಂಡು ಹೋಲಿಸುವ ಟ್ರೈಗ್ರಾಮ್ ಹುಡುಕಾಟ ನಮ್ಮ ಚಿಕ್ಕ ಹೆಸರುಗಳಿಗೆ ಅಷ್ಟೇನೂ ಕೆಲಸ ಮಾಡಲಿಲ್ಲ. ಶ ಷ ಸ ಒಂದು, ಮಹಾಪ್ರಾಣ ಅಲ್ಪಪ್ರಾಣ ಒಂದು, ದೀರ್ಘ ಹ್ರಸ್ವ ಒಂದು ಎಂದು ಮಡಚಿ ಒಂದು ಕೀಲಿ ಕಾಲಂ ಮಾಡಿದೆ. "ಶಂಕರ", "ಸಂಕರ", "ಶಂಖರ" ಮೂವರೂ ಒಟ್ಟಿಗೆ ಬಂದರು. ಎರಡೆರಡು ಸದಸ್ಯ ಸಂಖ್ಯೆ ಇದ್ದ ಮುನ್ನೂರು ನಾನ್ನೂರು ಮಂದಿ ಹೀಗೇ ಸಿಕ್ಕಿದ್ದು. ತಂದೆಯ ಹೆಸರು, ಮನೆತನ, ಊರು ಇವಕ್ಕೆ ಎಷ್ಟೆಷ್ಟು ತೂಕ ಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೂಡಿಸಲು ಬಹಳ ರಾತ್ರಿ ಹೋಗಿವೆ. ಒಪ್ಪಂದದಲ್ಲಿ "ತಾಳೆ" ಎಂದರೇನು ಎಂದು ಹೇಳುವ ವಾಕ್ಯವೂ ನನ್ನ ಹತ್ತಿರವೇ ಇರಲಿ. ಹಳೆ ವೋಚರುಗಳನ್ನು, ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್‌ನಿಂದ ಓದಿಸುವ ಪ್ರಯತ್ನವೂ ನಡೆಯಿತು. ಅಚ್ಚಾದದ್ದು ಓದಿತು, ಗುಮಾಸ್ತರ ಕೈಬರಹ ಬರಲಿಲ್ಲ. ಹದಿನೈದು ಸಾವಿರದ ಸ್ಕ್ಯಾನರ್ ಈಗ ಕೆವೈಸಿ ಕಾಗದಕ್ಕೆ ಬಳಕೆಯಲ್ಲಿದೆ.

ಸ್ಕ್ರೀನುಗಳು ಕೊನೆಯ ಮೂರು ತಿಂಗಳಲ್ಲಿ ಬಂದವು, ಹೆಚ್ಚು ಕಷ್ಟವಾಗಲಿಲ್ಲ. ಟೇಬಲ್‌ಗಳು ಅಷ್ಟರಲ್ಲಿ ನೂರಾರು ರಾತ್ರಿ ಪರೀಕ್ಷೆ ಕಂಡಿದ್ದವು. ಹೊಸ ವರ್ಷ ಶುರುವಾದಾಗ ಸಿಬ್ಬಂದಿ ಹೊಸದರಲ್ಲಿ ಕೂತರು. ನಕಲಿನ ದಿಕ್ಕನ್ನು ತಿರುಗಿಸಿ ಇನ್ನೂ ಒಂದು ತ್ರೈಮಾಸಿಕ ಹಳೆಯದಕ್ಕೂ ಲೆಕ್ಕ ಕಳಿಸಿದೆ, ಅಗತ್ಯ ಬಿದ್ದರೆ ವಾಪಸ್ ಹೋಗಲು. ಬೀಳಲಿಲ್ಲ. ಎಲ್ಲ ಕಳೆದು ನನಗೆ ಉಳಿದದ್ದು ಎರಡು ಲಕ್ಷದ ಮೇಲೆ. ದೋಣಿ ಮಾತಾಡಿದ ಅಧ್ಯಕ್ಷರೇ ಪಕ್ಕದ ತಾಲೂಕಿನ ಎರಡು ಸಂಘಗಳಿಗೆ ನನ್ನ ನಂಬರ್ ಕೊಟ್ಟಿದ್ದಾರೆ. ಅಲ್ಲಿಯೂ ಒಪ್ಪಂದ ಇದೇ ಕ್ರಮದ್ದು. ಒಂದರಲ್ಲಿ ಷೇರಿನ ಬಾಬು ಕಳೆದ ವಾರ ತಾಳೆಯಾಗಿದೆ, ಪಿಗ್ಮಿ ಇನ್ನೂ ಕೆಂಪು.