ಮೊದಲು ಮೊಸರನ್ನ, ಆಮೇಲೆ ಹೋಟೆಲ್

ನನ್ನ ಆರು ವರ್ಷದ ಮಗಳು ತಿನ್ನುವ ಪದಾರ್ಥಗಳು ಕೆಲವೇ ಕೆಲವು: ಮೊಸರನ್ನ, ತುಪ್ಪ ಸಕ್ಕರೆ ಸವರಿದ ಚಪಾತಿ, ಸಾದಾ ದೋಸೆ, ಸಾಸ್ ಸೋಕದ ಪಾಸ್ತಾ, ಬಾಳೆಹಣ್ಣು. ಒಗ್ಗರಣೆಯ ಸಾಸಿವೆಕಾಳು ಕಣ್ಣಿಗೆ ಬಿದ್ದರೂ ಸಾಕು, ತಟ್ಟೆಯನ್ನು ದೂರ ತಳ್ಳುತ್ತಾಳೆ. ನಾವು ನಾರ್ತ್ ಕ್ಯಾರೊಲೈನಾದಲ್ಲಿ ನೆಲೆಸಿರುವ ಸಸ್ಯಾಹಾರಿಗಳು. ಶಿವಮೊಗ್ಗದಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟಾಗ, ಯಾವ ಸವಾರಿಯನ್ನು ಯಾವಾಗ ಹತ್ತುವುದು ಎನ್ನುವುದಕ್ಕಿಂತ ಇವಳಿಗೆ ಎಲ್ಲಿ ಏನು ಉಣ್ಣಿಸುವುದು ಎಂಬ ಲೆಕ್ಕಾಚಾರಕ್ಕೇ ಹೆಚ್ಚು ಸಮಯ ಹಿಡಿಯಿತು. ಮಗುವಿನ ಹೊಟ್ಟೆ ತುಂಬಿಸುವುದು ಒಂದು ಕೆಲಸ, ಹೋಟೆಲಿನಲ್ಲಿ ಕುಳಿತು ಊಟ ಮಾಡುವುದು ಮತ್ತೊಂದು ಕೆಲಸ, ಎರಡನ್ನೂ ಒಂದೇ ಮೇಜಿನ ಮೇಲೆ ಮುಗಿಸಲು ಹೋಗಬಾರದು ಎಂದು ಹೊರಡುವ ಮೊದಲೇ ನಿರ್ಧರಿಸಿದ್ದೆವು.

ಅದಕ್ಕಾಗಿಯೇ ಡಿಸ್ನಿಯ ಹೋಟೆಲುಗಳನ್ನು ಬಿಟ್ಟು, ಹತ್ತಿರದ ಕಿಸ್ಸಿಮ್ಮಿಯಲ್ಲಿ ಅಡುಗೆಮನೆಯಿರುವ ಬಾಡಿಗೆ ಮನೆಯನ್ನು ಹಿಡಿದೆವು. ಊರು ಮುಟ್ಟಿದ ಸಂಜೆಯೇ ಪಬ್ಲಿಕ್ಸ್ ಅಂಗಡಿಯಿಂದ ಹಾಲು, ಮೊಸರು, ಬಾಳೆಹಣ್ಣು ತಂದಿಟ್ಟುಕೊಂಡೆವು. ಅಕ್ಕಿ ಮತ್ತು ಪುಟ್ಟ ಕುಕ್ಕರ್ ನಮ್ಮ ಸಾಮಾನಿನಲ್ಲೇ ಇದ್ದವು. ಫ್ಲಾರಿಡಾದ ಬಿಸಿಲಿನಲ್ಲಿ ಮೊಸರನ್ನ ಬೇಗ ಹುಳಿಯಾಗುತ್ತದೆ. ರೈಲು ಪ್ರಯಾಣಕ್ಕೆ ಬುತ್ತಿ ಕಟ್ಟಿ ಪಳಗಿದ ಅಮ್ಮ ಅದಕ್ಕೆ ಹಳೆಯ ಉಪಾಯವನ್ನೇ ಮಾಡಿದರು. ಬೆಳಿಗ್ಗೆ ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಮಸೆದು, ಆರಿದ ಮೇಲೆ ಧಾರಾಳವಾಗಿ ಹಾಲು ಸುರಿದು, ಒಂದೇ ಚಮಚ ಮೊಸರು ಮತ್ತು ಚಿಟಿಕೆ ಉಪ್ಪು ಬೆರೆಸಿ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದರು. ಅದನ್ನು ಐಸ್ ಪ್ಯಾಕ್ ಜೊತೆಗೆ ತಂಪು ಕಾಯುವ ಚೀಲದಲ್ಲಿಟ್ಟು ಒಯ್ದರೆ, ಹನ್ನೊಂದೂವರೆಯ ಹೊತ್ತಿಗೆ ಹುಳಿಯೂ ಆಗದೆ, ಗಟ್ಟಿಯೂ ಆಗದೆ, ಮನೆಯದೇ ರುಚಿಯಲ್ಲಿರುತ್ತಿತ್ತು.

ಡಿಸ್ನಿ ವರ್ಲ್ಡ್‌ನ ನಾಲ್ಕೂ ಪಾರ್ಕುಗಳ ಒಳಗೆ ಮನೆಯ ಊಟವನ್ನು ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆಯಲ್ಲಿ ಇರಬಾರದು, ಬಿಸಿ ಮಾಡಿಕೊಡಿ ಎಂದು ಅಲ್ಲಿನವರನ್ನು ಕೇಳುವಂಥದ್ದಾಗಿರಬಾರದು, ಬಿಡಿ ಐಸ್ ತರಬಾರದು, ಘಾಟು ವಾಸನೆ ಇರಬಾರದು. ಈ ಕೊನೆಯ ನಿಯಮವನ್ನು ಓದಿ ಹೇಳಿದಾಗ ಅಮ್ಮ ತಮ್ಮ ಮಿಡಿ ಉಪ್ಪಿನಕಾಯಿಯ ಡಬ್ಬಿಯನ್ನು ಮುಖ ಸಣ್ಣಗೆ ಮಾಡಿಕೊಂಡು ಮನೆಯಲ್ಲೇ ಬಿಟ್ಟರು. ತಿಂಡಿ ಕೊಳ್ಳುವ ಕೌಂಟರುಗಳಲ್ಲಿ ಕೇಳಿದರೆ ತಣ್ಣನೆಯ ನೀರನ್ನು ಹಣವಿಲ್ಲದೆ ಕೊಡುತ್ತಾರಾದ್ದರಿಂದ ನೀರಿನ ಹೊರೆಯನ್ನೂ ಹೊರಬೇಕಾಗಲಿಲ್ಲ.

ಹೀಗೆ ಮಗಳು ಮಧ್ಯಾಹ್ನದ ಜನಜಂಗುಳಿಗೆ ಮುಂಚೆಯೇ ನೆರಳಿನ ಬೆಂಚಿನ ಮೇಲೆ ಉಂಡು ಮುಗಿಸುತ್ತಿದ್ದಳು. ಆಮೇಲೆ ದೊಡ್ಡವರ ಸರದಿ. ಡಿಸ್ನಿಯ ಮೊಬೈಲ್ ಆ್ಯಪ್‌ನಲ್ಲಿ ಪ್ರತಿಯೊಂದು ಹೋಟೆಲಿನ ಪೂರ್ತಿ ಮೆನು ಇರುತ್ತದೆ, ಮಕ್ಕಳ ಮೆನು ಬೇರೆಯಾಗಿಯೇ ಇರುತ್ತದೆ. ಬಹಳಷ್ಟು ಕೌಂಟರುಗಳಲ್ಲಿ ಮೊದಲೇ ಆರ್ಡರ್ ಮಾಡಿ, ಸಾಲಿನಲ್ಲಿ ನಿಲ್ಲದೆ ಊಟ ಪಡೆಯಬಹುದು. ಸಸ್ಯಾಹಾರಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮೆನುವಿನಲ್ಲಿ ಕಾಣುವ ಹಸಿರು ಎಲೆಯ ಗುರುತು ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯಲ್ಲ. ಮಾಂಸ, ಮೊಟ್ಟೆಗಳ ಜೊತೆಗೆ ಹಾಲಿನ ಅಂಶವೂ ಇಲ್ಲದ ಪದಾರ್ಥಕ್ಕೆ ಮಾತ್ರ ಆ ಗುರುತು ಸಿಗುತ್ತದೆ. ಆದ್ದರಿಂದ ಎಲೆಯನ್ನಷ್ಟೇ ಹುಡುಕುತ್ತಾ ಹೋದರೆ, ಮಕ್ಕಳು ಒಪ್ಪುವ ಮ್ಯಾಕ್ ಆ್ಯಂಡ್ ಚೀಸ್, ಚೀಸ್ ಪಿಜ್ಜಾ ಮುಂತಾದವು ಕಣ್ತಪ್ಪಿ ಹೋಗುತ್ತವೆ. ಹಾಲು ತುಪ್ಪ ತಿನ್ನುವ ನಮ್ಮಂಥವರು ಪ್ರತಿ ಪದಾರ್ಥದ ವಿವರವನ್ನೂ ಓದುವುದೇ ಒಳ್ಳೆಯದು.

ಮೇಜಿನಲ್ಲಿ ಕೂರಿಸಿ ಬಡಿಸುವ ಹೋಟೆಲುಗಳ ಲೆಕ್ಕ ಬೇರೆ. ಅವುಗಳಿಗೆ 60 ದಿನ ಮೊದಲೇ ಬುಕ್ ಮಾಡಬಹುದು, ಹೆಸರಾದ ಹೋಟೆಲುಗಳು ಆಗಲೇ ತುಂಬಿಬಿಡುತ್ತವೆ. ಬುಕ್ ಮಾಡಿ ಹೋಗದಿದ್ದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್ ದಂಡ ಬೀಳುತ್ತದೆ. ಬಫೆಗಳನ್ನು ನಾವು ಪೂರ್ತಿಯಾಗಿ ಬಿಟ್ಟೆವು. ಅಲ್ಲಿ ಮೂರು ವರ್ಷ ತುಂಬದ ಮಕ್ಕಳಿಗೆ ಶುಲ್ಕವಿಲ್ಲ, ಆದರೆ 3ರಿಂದ 9 ವರ್ಷದವರೆಗಿನವರಿಗೆ ಮಕ್ಕಳ ದರ ಇದ್ದೇ ಇದೆ, ಹತ್ತು ತುಂಬಿದರೆ ದೊಡ್ಡವರ ದರ. ಎರಡು ತುತ್ತು ಬಿಳಿ ಅನ್ನ ತಿಂದು ಏಳುವ ಮಗುವಿಗೆ ಅಷ್ಟು ಹಣ ಕೊಟ್ಟವರು ಸುಮ್ಮನೆ ಕೂರುವುದಿಲ್ಲ, "ಇದನ್ನು ತಿನ್ನು, ಅದನ್ನು ತಿನ್ನು" ಎಂದು ಒತ್ತಾಯಿಸತೊಡಗುತ್ತಾರೆ. ಹಾಗೆ ಒತ್ತಾಯಿಸುವ ಅಮ್ಮಂದಿರಲ್ಲಿ ನಾನೂ ಒಬ್ಬಳಾಗುತ್ತೇನೆಂದು ನನಗೆ ಗೊತ್ತಿತ್ತು.

ಬದಲಿಗೆ ನಾವು ಆರಿಸಿಕೊಂಡದ್ದು ಪಾರ್ಕುಗಳ ಹೊರಗಿರುವ ಡಿಸ್ನಿಯದೇ ವಸತಿಗೃಹವಾದ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್‌ನಲ್ಲಿರುವ ಸನಾ ಹೋಟೆಲನ್ನು. ಅಲ್ಲಿಗೆ ಹೋಗಲು ಪಾರ್ಕಿನ ಟಿಕೆಟ್ ಬೇಕಿಲ್ಲ. ಆಫ್ರಿಕಾದ ಅಡುಗೆಗೆ ಭಾರತದ ಮಸಾಲೆ ಬೆರೆತ ಶೈಲಿ ಅಲ್ಲಿಯದು. ನಾನ್, ಕುಲ್ಚಾಗಳನ್ನು ಚಟ್ನಿ, ಉಪ್ಪಿನಕಾಯಿ, ರಾಯಿತಾಗಳ ಪುಟ್ಟ ಬಟ್ಟಲುಗಳೊಂದಿಗೆ ತಂದಿಡುವ ಬ್ರೆಡ್ ಸರ್ವಿಸ್ ಬಹಳ ಹೆಸರಾದದ್ದು. ದೊಡ್ಡ ಕಿಟಕಿಗಳಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾಗಳು ಓಡಾಡಿಕೊಂಡಿರುತ್ತವೆ. ಮಗಳು ಹೊರಡುವ ಮೊದಲೇ ಅರ್ಧ ಡಬ್ಬಿ ಮೊಸರನ್ನ ಉಂಡಿದ್ದರಿಂದ, ಹೋಟೆಲಿನಲ್ಲಿ ನಾವು ಅವಳಿಗಾಗಿ ಏನನ್ನೂ ಆರ್ಡರ್ ಮಾಡದೆ ಒಂದು ಖಾಲಿ ತಟ್ಟೆಯನ್ನಷ್ಟೇ ಕೇಳಿ ಮುಂದಿಟ್ಟೆವು. ಅವಳು ಸಾದಾ ನಾನ್‌ನ ಉಬ್ಬಿದ ಭಾಗವನ್ನು ಹರಿದು, ಕಪ್ಪಗೆ ಸುಟ್ಟ ಚುಕ್ಕೆಗಳನ್ನು ಉಗುರಿನಿಂದ ಕೆರೆದು ತೆಗೆದು, ಒಳಗಿನ ಮೆತ್ತನೆಯ ಪದರವನ್ನು ಮಾತ್ರ ಬಾಯಿಗೆ ಹಾಕಿಕೊಂಡಳು. ರಾಯಿತಾ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಸೌತೆಕಾಯಿ ಕಂಡೊಡನೆ ಅಜ್ಜಿಯ ಕಡೆಗೆ ಸರಿಸಿದಳು. ಅಷ್ಟೇ ಅವಳ ಊಟ. ನಾವು ಮೂವರೂ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಸಿಬಿಸಿ ಊಟವನ್ನು ಆರಾಮವಾಗಿ ಮಾಡಿದೆವು. ಮಗು ಸಾಕುವ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

"ಬಿಡೇ, ಹಸಿದ್ರೆ ಅವಳೇ ಕೇಳ್ತಾಳೆ" ಎನ್ನುವುದು ಅಮ್ಮನ ಮಾತು. ಯಾವಾಗ, ಎಲ್ಲಿ, ಏನನ್ನು ಬಡಿಸಬೇಕೆಂಬುದು ಹೆತ್ತವರ ಹೊಣೆ, ತಿನ್ನಬೇಕೇ ಬೇಡವೇ ಮತ್ತು ಎಷ್ಟು ಎಂಬುದು ಮಗುವಿನ ಹೊಣೆ ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಆದರೆ ಪ್ರವಾಸದಲ್ಲಿ ಹಸಿವಾಗುವವರೆಗೆ ಕಾಯುವುದಕ್ಕೆ ನಾನು ಒಪ್ಪಲಿಲ್ಲ. ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆದ ಮಗುವಿಗೆ ಹಸಿವೆಯಾಗಿದೆ ಎಂದು ತಿಳಿಯುವ ಮೊದಲೇ ಅಳು ಬಂದಿರುತ್ತದೆ. ಹಾಗಾಗಿ ಎರಡು ಗಂಟೆಗೊಮ್ಮೆ, ಕೇಳಲಿ ಬಿಡಲಿ, ಚುರುಮುರಿಯನ್ನೋ ಕೋಡುಬಳೆಯನ್ನೋ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದೆ. ಮಿಕ್ಕಿ ಮೌಸ್ ಆಕಾರದ ಐಸ್ ಕ್ರೀಮ್ ದಿನಕ್ಕೊಂದು ಎಂದು ಮೊದಲೇ ಮಾತಾಗಿತ್ತು. ಊಟ ಮಾಡಿದ್ದಕ್ಕೆ ಬಹುಮಾನವಾಗಿ ಅದನ್ನು ಎಂದೂ ಕೊಡಲಿಲ್ಲ.

ಹಿಂದಿರುಗುವ ದಿನದ ಬುತ್ತಿ ಬದಲಾಗಬೇಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮೊಸರು ದ್ರವದ ಲೆಕ್ಕಕ್ಕೆ ಸೇರುವುದರಿಂದ ನೂರು ಮಿಲಿಲೀಟರಿಗಿಂತ ಹೆಚ್ಚು ಒಯ್ಯುವಂತಿಲ್ಲ. ಆ ಬೆಳಿಗ್ಗೆ ಉಳಿದ ಮೊಸರನ್ನೆಲ್ಲ ಮನೆಯಲ್ಲೇ ಅನ್ನಕ್ಕೆ ಕಲಸಿ ಅವಳಿಗೆ ಉಣ್ಣಿಸಿ, ದಾರಿಗೆ ಚಪಾತಿ ಸುರುಳಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟೆವು.