ರಿಮೋಟ್ ಒಮ್ಮೆ ಕೇಳುತ್ತೆ, ಒಮ್ಮೆ ಕೇಳಲ್ಲ: ಹಳೆ ಕಾರಿನ ಲಾಕ್ ತೊಂದರೆ ಹುಡುಕುವುದು ಹೇಗೆ?

ಪೂರ್ತಿ ಕೆಟ್ಟು ನಿಂತ ಲಾಕ್ ಸುಲಭದ ಕೆಲಸ. ಮೀಟರ್ ಹಿಡಿದು ನೋಡಿದರೆ ಕರೆಂಟ್ ಎಲ್ಲಿಗೆ ಬಂದು ನಿಂತಿದೆ ಎಂದು ಗೊತ್ತಾಗುತ್ತದೆ. ತಲೆ ತಿನ್ನುವುದು ಬೆಳಿಗ್ಗೆ ಕೈಕೊಟ್ಟು ಸಂಜೆ ತಾನಾಗಿಯೇ ಸರಿಹೋಗುವ ಲಾಕ್. ಗ್ಯಾರೇಜಿಗೆ ಒಯ್ದರೆ ಹತ್ತಕ್ಕೆ ಹತ್ತು ಸಲವೂ ಟಕ್ ಅಂತ ಬೀಳುತ್ತದೆ. ಮೆಕ್ಯಾನಿಕ್ ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಅಂದಾಜಿನ ಮೇಲೆ ಒಂದೊಂದೇ ಭಾಗ ಬದಲಾಗುತ್ತಾ ಹೋಗುತ್ತದೆ.

ನಾನೂ ಹಾಗೆ ಸುಮ್ನೆ ಒಂದು ರಿಮೋಟ್ ಬದಲಿಸಿದವನೇ. ತೊಂದರೆ ಇದ್ದದ್ದು ಬಾಗಿಲಿನ ವೈರಿನಲ್ಲಿ. ಅಂದಿನಿಂದ ನನ್ನದು ಒಂದೇ ಪಟ್ಟು: ಕೈಕೊಟ್ಟ ಗಳಿಗೆಯಲ್ಲಿ ಅದನ್ನು ಹಿಡಿಯುವವರೆಗೆ ಏನನ್ನೂ ಬದಲಿಸುವುದಿಲ್ಲ.

ಮೊದಲು ಒಂದು ವಾರ ಬರೆದಿಡಿ

ಪ್ರತಿ ಸಲ ಕೈಕೊಟ್ಟಾಗ ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ಎಲ್ಲ ಬಾಗಿಲೂ ಹಟ ಹಿಡಿದವೋ, ಒಂದೇ ಬಾಗಿಲೋ? ಇಂಡಿಕೇಟರ್ ಮಿನುಗಿತೋ? ಹಿಂದಿನ ರಾತ್ರಿ ಮಳೆ ಬಂದಿತ್ತೋ? ಗಾಡಿ ನಿಂತಿದ್ದು ಎಲ್ಲಿ? ಎರಡನೇ ರಿಮೋಟ್ ಇದ್ದರೆ ಅದೂ ಹೀಗೇ ಮಾಡಿತೋ?

ಒಂದೇ ಬಾಗಿಲು ಕಾಟ ಕೊಡುತ್ತಿದ್ದರೆ ರಿಮೋಟನ್ನು ಆಗಲೇ ಬಿಟ್ಟುಬಿಡಬಹುದು. ಅದರ ಮಾತು ಉಳಿದ ಬಾಗಿಲುಗಳಿಗೆ ಕೇಳಿಸಿದೆ ತಾನೇ? ಒಂದೇ ಜಾಗದಲ್ಲಿ ಮಾತ್ರ ಹೀಗಾದರೆ ಅಲ್ಲಿನ ರೇಡಿಯೋ ಗದ್ದಲ ಕಾರಣವಿರಬಹುದು. ಮಳೆಯ ಮರುದಿನ ಎಂದಾದರೆ ನೀರು ಎಲ್ಲೋ ಒಳಗೆ ಇಳಿದಿದೆ. ಚಳಿಯಲ್ಲಿ ಜಾಸ್ತಿ ಎಂದರೆ ರಿಮೋಟಿನ ಸೆಲ್, ಕಾರಿನ ಬ್ಯಾಟರಿ ಅಥವಾ ಲಾಕಿನಲ್ಲಿ ಗಟ್ಟಿಯಾದ ಗ್ರೀಸ್.

ಈ ಪರೀಕ್ಷೆಗಳನ್ನೆಲ್ಲ ಮಾಡುವಾಗ ಒಂದು ಕಿಟಕಿಯ ಗಾಜು ಇಳಿಸಿಟ್ಟಿರಿ. ಕೀಲಿ ಒಳಗೆ, ನೀವು ಹೊರಗೆ ಆಗಬಾರದು.

ಕೈಕೊಟ್ಟಾಗ ಮಾಡಬೇಕಾದ ಒಂದೇ ಕೆಲಸ

ಬಟನ್ನನ್ನು ಹತ್ತು ಸಲ ಕುಟ್ಟಬೇಡಿ. ಕೀಲಿಯಿಂದ ಚಾಲಕನ ಬಾಗಿಲು ತೆಗೆದು, ಒಳಗಿನ ಲಾಕ್ ಸ್ವಿಚ್ ಒತ್ತಿ. ಸ್ವಿಚ್ ಇಲ್ಲದ ಕಾರಾದರೆ ಚಾಲಕನ ಬಾಗಿಲಿನ ಲಾಕ್ ಗುಬುಟನ್ನು ಕೈಯಿಂದಲೇ ಒತ್ತಿ, ಎಳೆದು ನೋಡಿ. ಬಾಗಿಲುಗಳೆಲ್ಲ ಒಟ್ಟಿಗೆ ಬಿದ್ದು ಎದ್ದರೆ ಫ್ಯೂಸು, ವೈರು, ಮೋಟಾರುಗಳು ಸರಿಯಿವೆ. ತೊಂದರೆ ರಿಮೋಟ್ ಮತ್ತು ಅದರ ಸಿಗ್ನಲ್ ಹಿಡಿಯುವ ಕಾರಿನ ರಿಸೀವರ್ ನಡುವೆ ಇದೆ. ಸ್ವಿಚ್ಚಿಗೂ ಅಲ್ಲಾಡದಿದ್ದರೆ ರಿಮೋಟನ್ನು ಜೇಬಿಗೆ ಹಾಕಿ, ಕಾರಿನ ಕಡೆ ಹುಡುಕಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ರಿಮೋಟಿನ ಕಡೆ ಇದ್ದರೆ

ಸೆಲ್ ಹೊಸದು ಎಂಬ ಮಾತನ್ನು ನಂಬಬೇಡಿ, ತೆಗೆದು ನಂಬರ್ ನೋಡಿ. ಸಿಆರ್2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2025 ಅಷ್ಟೇ ಅಗಲ, ಆದರೆ ದಪ್ಪ 2.5 ಮಿ.ಮೀ. ಮಾತ್ರ. ದಪ್ಪ ಸೆಲ್ಲಿನ ಜಾಗದಲ್ಲಿ ತೆಳ್ಳಗಿನದು ಕೂತರೆ ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಸೆಲ್ ಸರಿಯಾದದ್ದೇ ಆಗಿದ್ದರೂ ಅದನ್ನು ಹಿಡಿಯುವ ತಗಡಿನ ನಾಲಿಗೆ ವರ್ಷಗಳಾದ ಮೇಲೆ ಚಪ್ಪಟೆಯಾಗಿರುತ್ತದೆ. ಮೆಲ್ಲಗೆ ಮೇಲಕ್ಕೆ ಬಗ್ಗಿಸಿ.

ಮೀಟರಿನಲ್ಲಿ 3 ವೋಲ್ಟ್ ಕಂಡಿತೆಂದು ಸುಮ್ಮನಾಗಬೇಡಿ. ಸೋತ ಸೆಲ್ ಕೂಡ ಸುಮ್ನೆ ಕೂತಾಗ ಚೆನ್ನಾಗಿಯೇ ಓದಿಸುತ್ತದೆ. ಬಟನ್ ಒತ್ತಿದ ಕ್ಷಣ ಕುಸಿಯುತ್ತದೆ. ಚಳಿಯಲ್ಲಿ ಇನ್ನೂ ಬೇಗ. ಸಾಧ್ಯವಾದರೆ ಬಟನ್ ಒತ್ತಿ ಹಿಡಿದುಕೊಂಡೇ ಅಳೆಯಿರಿ.

ರಿಮೋಟ್ ಬಿಚ್ಚುವಾಗ ಒಂದು ಎಚ್ಚರ. ಹಲವು ಕೀಲಿಗಳಲ್ಲಿ ಇಮೊಬಿಲೈಜರ್ (ಪರಿಚಯವಿಲ್ಲದ ಕೀಲಿಗೆ ಕಾರು ಸ್ಟಾರ್ಟ್ ಆಗಗೊಡದ ವ್ಯವಸ್ಥೆ) ಚಿಪ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಡಿ ತುಂಡಾಗಿ ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಕೂತಿರುತ್ತದೆ. ಅದು ಬಿದ್ದು ಕಳೆದುಹೋದರೆ ಲಾಕ್ ಆಗುತ್ತದೆ, ಆದರೆ ಕಾರು ಸ್ಟಾರ್ಟ್ ಆಗುವುದಿಲ್ಲ! ಒಂದು ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಬಿಚ್ಚಿ.

ಒಳಗಿನ ಪುಟ್ಟ ಬೋರ್ಡಿನಲ್ಲಿ ಬಟನ್ ಸ್ವಿಚ್ಚಿನ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕಿದ್ದರೆ ಸಿಕ್ಕಿತು ಎಂದುಕೊಳ್ಳಿ. ಕೀಲಿ ಬಿದ್ದು ಬಿದ್ದು ಹೀಗಾಗುತ್ತದೆ. ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು.

ರಿಮೋಟ್ ಸರಿಯಿದ್ದೂ ದೂರದಿಂದ ಕೇಳದಿದ್ದರೆ? ಈ ರಿಮೋಟುಗಳು ಹೆಚ್ಚಾಗಿ 315 ಅಥವಾ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಕಾರಿಗೆ ಆಮೇಲೆ ಹಾಕಿಸಿದ ಅಗ್ಗದ ಫೋನ್ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಎಲ್‌ಇಡಿ ದೀಪಗಳು ಆ ಅಲೆಯ ಮೇಲೆ ಗದ್ದಲ ಎಬ್ಬಿಸಬಲ್ಲವು. ಎಲ್ಲವನ್ನೂ ಕಿತ್ತು ಎರಡು ದಿನ ಓಡಾಡಿ ನೋಡಿ. ರಿಮೋಟನ್ನು ಗಲ್ಲಕ್ಕೆ ಒತ್ತಿ ಹಿಡಿದು ಬಟನ್ ಅದುಮಿದರೆ ಸ್ವಲ್ಪ ಜಾಸ್ತಿ ದೂರಕ್ಕೆ ಮುಟ್ಟುತ್ತದೆ. ತಮಾಷೆಯಲ್ಲ, ಮೈಯೂ ಆಂಟೆನಾದ ಕೆಲಸ ಮಾಡುತ್ತದೆ. ಹಾಗೆ ಹಿಡಿದಾಗ ಮಾತ್ರ ಕೇಳುವ ಕಾರಾದರೆ ಸಿಗ್ನಲ್ ಸೋತಿದೆ ಎಂದೇ ಅರ್ಥ.

ತೀರಾ ಹಳೆಯ ಕೆಲವು ಕಾರುಗಳಲ್ಲಿ ರೇಡಿಯೋ ಬದಲು ಇನ್‌ಫ್ರಾರೆಡ್ ಬೆಳಕು ಇರುತ್ತದೆ. 1982ರ ರೆನೋ ಫ್ಯೂಗೊದಲ್ಲಿ ಬಂದದ್ದು ಅಂಥದ್ದೇ. ಅದನ್ನು ಫೋನಿನ ಕ್ಯಾಮೆರಾಕ್ಕೆ ಗುರಿಯಿಟ್ಟು ಒತ್ತಿದರೆ ಬೆಳಕು ಮಿನುಗುವುದು ಪರದೆಯಲ್ಲಿ ಕಾಣಬೇಕು.

ಕೋಡ್ ತಪ್ಪಿಹೋಗುವುದೂ ಉಂಟು. ಪ್ರತಿ ಸಲ ಒತ್ತಿದಾಗಲೂ ರಿಮೋಟ್ ಹೊಸ ಕೋಡ್ ಕಳಿಸುತ್ತದೆ. ಕಾರಿನಿಂದ ದೂರದಲ್ಲಿ, ಜೇಬಿನಲ್ಲೋ ಮಗುವಿನ ಕೈಯಲ್ಲೋ ಅದು ಲೆಕ್ಕವಿಲ್ಲದಷ್ಟು ಸಲ ಒತ್ತಿಹೋದರೆ ಕಾರಿನ ಎಣಿಕೆ ಹಿಂದುಳಿಯುತ್ತದೆ. ಮತ್ತೆ ಹೊಂದಿಸುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ಕೈಪಿಡಿ ನೋಡಿ. ಆದರೆ ಹೊಂದಿಸಿದ ಮೇಲೂ ದಿನಕ್ಕೊಮ್ಮೆ ಕೈಕೊಡುತ್ತಿದ್ದರೆ ಕೋಡನ್ನು ದೂರಬೇಡಿ.

ಕಾರಿನ ಕಡೆ ಇದ್ದರೆ

ನನ್ನ ಕೈ ಮೊದಲು ಹೋಗುವುದು ಬಾಗಿಲಿನ ಸಂದಿಗೆ. ಬಾಗಿಲು ತೆಗೆದರೆ ಕೀಲಿನ (ಹಿಂಜ್) ಬಳಿ ಮಡಿಕೆ ಮಡಿಕೆಯ ಒಂದು ರಬ್ಬರ್ ಕೊಳವೆ ಕಾಣುತ್ತದೆ, ಅಲ್ವಾ? ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೇ ಇವೆ. ಬಾಗಿಲು ತೆಗೆದಾಗಲೆಲ್ಲ ಅವು ಬಗ್ಗುತ್ತವೆ. ದಿನಕ್ಕೆ ನಾಲ್ಕು ಸಲ ಎಂದರೂ 15 ವರ್ಷಕ್ಕೆ ಸುಮಾರು 22,000 ಸಲ. ಮೇಲಿನ ಹೊದಿಕೆ ಹಾಗೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ತುಂಡಾದ ತುದಿಗಳು ಬಾಗಿಲು ಒಂದು ಕೋನದಲ್ಲಿ ನಿಂತಾಗ ತಾಗುತ್ತವೆ, ಇನ್ನೊಂದರಲ್ಲಿ ಬಿಡುತ್ತವೆ. ಬಿಟ್ಟು ಬಿಟ್ಟು ಬರುವ ತೊಂದರೆಗೆ ಇದಕ್ಕಿಂತ ಒಳ್ಳೆಯ ತವರು ಇಲ್ಲ. ಡಿಕ್ಕಿಯ ಬಾಗಿಲಿನದೂ ಇದೇ ಕತೆ.

ರಬ್ಬರನ್ನು ಹಿಂದಕ್ಕೆ ಸರಿಸಿ. ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ಗಟ್ಟಿ ವೈರು ಬಿಗಿಯಾಗಿಯೇ ಇರುತ್ತದೆ. ಒಳಗೆ ತುಂಡಾದದ್ದು ರಬ್ಬರಿನಂತೆ ಉದ್ದವಾಗುತ್ತದೆ. ಎಳೆದಾಗ ಗೊತ್ತಾಗದಿದ್ದರೆ ಒಬ್ಬರು ಸ್ವಿಚ್ ಒತ್ತುತ್ತಿರಲಿ, ನೀವು ಆ ಕಟ್ಟನ್ನು ಅಲುಗಿಸಿ.

ಇಲ್ಲಿ ಮೀಟರಿಗಿಂತ 12 ವೋಲ್ಟಿನ, 5 ವ್ಯಾಟಿನ ಬಲ್ಬ್ ವಾಸಿ. ಒಂದೇ ಎಳೆ ಉಳಿದ ವೈರೂ ಮೀಟರಿನಲ್ಲಿ ಸರಿ ಎಂದೇ ತೋರಿಸುತ್ತದೆ, ಬಲ್ಬಿನ ಹೊರೆ ಬಿದ್ದಾಗ ಅದರ ಬಂಡವಾಳ ಬಯಲಾಗುತ್ತದೆ. ಅಲ್ಲದೆ ಲಾಕ್ ಮೋಟಾರಿಗೆ ಕರೆಂಟ್ ಬರುವುದು ಒಂದು ಕ್ಷಣ ಮಾತ್ರ. ಡಿಜಿಟಲ್ ಮೀಟರ್ ಕಣ್ಣು ಬಿಡುವಷ್ಟರಲ್ಲಿ ಅದು ಹೋಗಿರುತ್ತದೆ. ಬಾಗಿಲಿನ ಒಳಬದಿಯ ಪ್ಯಾಡ್ ತೆಗೆದು, ಮೋಟಾರಿನ ಕಪ್ಲರ್, ಅಂದರೆ ವೈರು ಜೋಡಿಸುವ ಪ್ಲಗ್, ಬಿಚ್ಚಿ, ಅದರ ಎರಡು ವೈರಿಗೆ ಬಲ್ಬ್ ಹಿಡಿಯಿರಿ. ಮೋಟಾರ್ ಅಲ್ಲಾಡದ ಹೊತ್ತಿನಲ್ಲೂ ಬಲ್ಬ್ ಪ್ರಖರವಾಗಿ ಮಿಂಚಿದರೆ ಮೋಟಾರೇ ಸೋತಿದೆ. ಮಂಕಾಗಿದ್ದರೆ ಅಥವಾ ಹತ್ತದಿದ್ದರೆ ವೈರು. ಬಾಗಿಲಿನಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ವೈರುಗಳನ್ನು, ಅಂದರೆ ಸಾಮಾನ್ಯವಾಗಿ ಹಳದಿ ಕಪ್ಲರ್ ಇರುವವನ್ನು, ಮುಟ್ಟಲೇಬೇಡಿ.

ವೈರು ಜೋಡಿಸುವಾಗ ಬಗ್ಗುವ ಜಾಗದಲ್ಲೇ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಸಣ್ಣ ಎಳೆಗಳ ಮೆತ್ತನೆಯ ವೈರಿನ ಉದ್ದನೆಯ ತುಂಡೊಂದನ್ನು ಕತ್ತರಿಸಿಕೊಳ್ಳಿ. ಎರಡೂ ಜೋಡಣೆ ರಬ್ಬರ್ ಕೊಳವೆಯ ಹೊರಗೆ ಬರಲಿ. ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮೊದಲಿನಂತೆ ಅಂಟಿಸಿ. ಅದಿಲ್ಲದಿದ್ದರೆ ಮಳೆನೀರು ಸೀದಾ ಕಾರಿನೊಳಕ್ಕೆ.

ಮೋಟಾರಿನ ವಿಷಯದಲ್ಲಿ ಕಿವಿಯೇ ಸಾಕು. ಟಕ್ ಅಂದರೆ ಸರಿ. ಝರ್ರ್ ಅಂದರೆ ಪ್ಲಾಸ್ಟಿಕ್ ಹಲ್ಲು ಸವೆದಿದೆ. ಬಾಗಿಲಿಗೆ ಒಂದು ಗುದ್ದು ಕೊಟ್ಟಾಗ ಕೆಲಸ ಮಾಡಿದರೆ ಒಳಗಿನ ಬ್ರಷ್ ತೇದಿರಬಹುದು.

ಲಾಕ್ ಆಗಿ ತಕ್ಷಣ ತಾನೇ ತೆರೆದುಕೊಳ್ಳುತ್ತಿದೆಯೇ? ಯಾವುದೋ ಬಾಗಿಲು ತೆರೆದೇ ಇದೆ ಎಂದು ಕಾರು ತಿಳಿದಿರಬಹುದು. ಬಾಗಿಲು ಹಾಕಿದ ಮೇಲೂ ಒಳಗಿನ ದೀಪ ಉರಿಯುತ್ತಿದೆಯೇ ನೋಡಿ. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಕಾರಿಗೆ ತಿಳಿಸುವ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಹಲವು ಸಲ ಸಾಕು.

ಎಲ್ಲ ಬಾಗಿಲೂ ಒಟ್ಟಿಗೆ ಸುಸ್ತಾದರೆ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12.2 ಎಂದರೆ ಅರ್ಧ ಖಾಲಿ. ಫ್ಯೂಸ್ ತೆಗೆದು ಅದರ ಹಿಡಿಯಲ್ಲಿ ತುಕ್ಕಿದೆಯೇ ನೋಡಿ. ಅದೇ ಆಂಪಿಯರಿನದನ್ನೇ ಹಾಕಿ, ದೊಡ್ಡದು ಬೇಡ.

ಲಾಕುಗಳಿಗೆ ಅಪ್ಪಣೆ ಕೊಡುವ ಕಂಟ್ರೋಲ್ ಪೆಟ್ಟಿಗೆಗೆ ಕೈ ಹಾಕುವುದು ಕೊನೆಗೆ. ಕೆಲವು ಕಾರುಗಳಲ್ಲಿ ಅದು ಕಾಲಡಿಯ ಕಾರ್ಪೆಟ್ ಕೆಳಗೆ, ನೀರು ನಿಲ್ಲುವ ಜಾಗದಲ್ಲೇ ಇರುತ್ತದೆ. ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಿದ್ದರೆ ಪೆಟ್ಟಿಗೆ ಬಿಚ್ಚಿ, ಹಸಿರು ಕಿಲುಬು ಮತ್ತು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಕಾಲುಗಳ ಬೆಸುಗೆಯ ಬಿರುಕು ಹುಡುಕಿ. ಹಳೆ ಕಾರಿನಿಂದ ಬಿಚ್ಚಿದ ಇನ್ನೊಂದು ಪೆಟ್ಟಿಗೆ ತಂದು ಹಾಕುವ ಆಸೆಯಿದ್ದರೆ, ನಿಮ್ಮ ಕಾರಿನ ಇಮೊಬಿಲೈಜರ್ ಅದರಲ್ಲೇ ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಇದ್ದರೆ, ಹೊಸ ಪೆಟ್ಟಿಗೆಗೆ ನಿಮ್ಮ ಕೀಲಿಯ ಪರಿಚಯ ಮಾಡಿಸುವವರೆಗೆ ಕಾರು ಸ್ಟಾರ್ಟ್ ಆಗುವುದಿಲ್ಲ.